ಸಂಜೆ ಆರರವರೆಗಿನ ಟಿಕ್ಕು

ತಪಾಸಣೆಗೆ ಬಂದ ವಯಸ್ಸಾದ ಅಧಿಕಾರಿ ವೃದ್ಧಾಶ್ರಮದ ಊಟದ ಕೋಣೆಯಲ್ಲಿ ಅರೆಕ್ಷಣ ಕುರ್ಚಿಗೆ ಒರಗಿದ್ದೇ ತಪ್ಪಾಯಿತು. ಸಾಲಾಗಿ ಗಂಜಿ ಕುಡಿಸುತ್ತ ಬಂದ ಆಯಾ ಅವರ ಕೊರಳಿಗೂ ಬಟ್ಟೆ ಕಟ್ಟಿ, "ಆ ಅನ್ನಿ ತಾತ" ಎಂದು ಚಮಚ ಬಾಯಿಗಿಟ್ಟೇಬಿಟ್ಟಳು. ಮೂವರು ಮಾಡುತ್ತಿದ್ದ ಕೆಲಸಕ್ಕೆ ಈಗ ಅವಳೊಬ್ಬಳೇ. ನಲವತ್ತು ಬಾಯಿಗೆ ಎರಡೇ ಕೈ ಇರುವವಳು ಮುಖ ನೋಡುತ್ತ ನಿಲ್ಲುವುದಿಲ್ಲ. ಹನ್ನೊಂದು ವರ್ಷದ ಈ ಓಟಕ್ಕೇ ಅವಳಿಗೆ 'ಎಕ್ಸ್‌ಪ್ರೆಸ್' ಎಂಬ ಹೆಸರು.

ಚಿಕ್ಕಮ್ಮನನ್ನು ನೋಡಲು ಬಂದಿದ್ದ ನಾನು ನಗು ನುಂಗಿದೆ. ಅಧಿಕಾರಿ ಗಂಜಿ ನುಂಗಿದರು.

ಚಿಕ್ಕಮ್ಮ ಹಾಸಿಗೆ ಹಿಡಿದವರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬದಲಿಸಿದಾಗಲೆಲ್ಲ ಮಂಚಕ್ಕೆ ತೂಗುಹಾಕಿದ ಹಾಳೆಯಲ್ಲಿ ಟಿಕ್ ಹಾಕಬೇಕು. ಆಮೇಲೆ ಚಿಕ್ಕಮ್ಮನ ಮಂಚದ ಬಳಿ ಬಂದ ಅಧಿಕಾರಿ ಆ ಹಾಳೆಯನ್ನು ನನ್ನ ಮುಂದೆ ಹಿಡಿದರು. ಗಡಿಯಾರದಲ್ಲಿ ಬೆಳಗಿನ ಒಂಬತ್ತು. ಹಾಳೆಯಲ್ಲಿ ಸಂಜೆ ಆರರವರೆಗೂ ಟಿಕ್ಕು. ಹಾಗಾದರೆ ಇಷ್ಟು ತಿಂಗಳು ಇವರನ್ನು ಯಾರೂ ಮುಟ್ಟಿಯೇ ಇಲ್ಲವೇ? ಚಿಕ್ಕಮ್ಮನ ಬಟ್ಟೆ ಸರಿಸಿ ನೋಡಿದೆ. ಬೆನ್ನಿನ ಮೇಲೆ ಒಂದು ಕಲೆಯೂ ಇರಲಿಲ್ಲ.

"ಇದಕ್ಕೆ ಕೆಲಸ ಹೋಗುತ್ತೆ, ಗೊತ್ತೇನಮ್ಮ? ಮಾಡೋ ಮೊದಲೇ ಯಾಕೆ ಬರೆದಿಟ್ಟೆ?" ಎಂದರು ಅಧಿಕಾರಿ, ಮಗ್ಗುಲು ಬದಲಿಸಲು ಬಂದ ಆಯಾಗೆ.

ಆಯಾ ಚಿಕ್ಕಮ್ಮನ ಭುಜದಡಿ ಕೈ ತೂರಿಸುತ್ತ ಹೇಳಿದಳು: "ಆಮೇಲೆ ಬರೆಯೋಕೆ ಪುರಸೊತ್ತೆಲ್ಲಿ ಸಾರ್? ಇವರನ್ನೆಲ್ಲ ತಿರುಗಿಸ್ಬೇಕಲ್ಲ."