ಪೆಂಡಾ ಹಂಚಿದವರ ಮನೆ ಬಾಗಿಲಲ್ಲಿ ತುಂಗಾ

ಬೆಳಗಿನ ಆರು ಗಂಟೆ. ವಡೋದರಾದ ಮಂಜಲ್‌ಪುರದಲ್ಲಿ ಹಾಲಿನ ಪ್ಯಾಕೆಟ್ಟುಗಳು ಇನ್ನೂ ಬಾಗಿಲ ಮುಂದೆಯೇ ಬಿದ್ದಿವೆ. ಮೂರನೇ ಮಹಡಿಯ ಮನೆಯೊಂದಕ್ಕೆ ತುಂಗಾ ಬಂದಿರುವುದು ಇದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ಬಾಗಿಲು ಅವರ ಮುಖದ ಮೇಲೆಯೇ ಮುಚ್ಚಿದೆ. ಕಂಕುಳಲ್ಲಿರುವುದು ಆ ಮನೆಯ ನಳಿನಿಯವರ ಆಸ್ಪತ್ರೆ ಫೈಲು.

ಹರಿಹರದ ತುಂಗಾ, ರೈಲ್ವೆ ನೌಕರ ಹಾಲೇಶರನ್ನು ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಈಗ ಟ್ರಸ್ಟ್ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಕೆಲಸ. ಗರ್ಭಕೋಶದ ಕ್ಯಾನ್ಸರ್ ಗೆದ್ದು, ಆಮೇಲೆ ತಪಾಸಣೆಗೆ ಬಾರದೇ ಹೋದ ಹೆಂಗಸರ ಫೈಲುಗಳೇ ಅಲ್ಲಿ ಇನ್ನೂರ ಹನ್ನೆರಡಿವೆ. ಡ್ಯೂಟಿಗೆ ಮುಂಚೆ ದಿನಕ್ಕೆರಡು ಮನೆ ಹುಡುಕಿಕೊಂಡು ಹೋಗುವುದು ತುಂಗಾ ತಾವಾಗಿಯೇ ಹಚ್ಚಿಕೊಂಡ ಕೆಲಸ.

ಈ ಆಸ್ಪತ್ರೆಯ ಹೆಂಗಸರದು ಒಂದು ರೂಢಿ. ಚಿಕಿತ್ಸೆ ಮುಗಿದು ಐದು ವರ್ಷ ತುಂಬಿದ ದಿನ ವಾರ್ಡಿಗೆಲ್ಲ ಪೆಂಡಾ, ಅಂದರೆ ನಮ್ಮ ಪೇಡಾ, ಹಂಚಿ, ಕೈಮುಗಿದು ಹೊರಟುಬಿಡುತ್ತಾರೆ. ಮತ್ತೆ ಮೆಟ್ಟಿಲು ಹತ್ತಿದರೆ ಅಪಶಕುನವಂತೆ! “ಗರ್ಭಚೀಲ ತೆಗೆಸಿದ್ಮೇಲೆ ಇನ್ನೇನೈತೆ ಅಂತಾರೆ. ಮೈಯಾಗೆ ಅದೊಂದೇ ಇರೋದಾ? ಕರುಳಿಲ್ವಾ, ಎದೆ ಇಲ್ವಾ?” ಎಂದು ತುಂಗಾ ರೇಗುತ್ತಾರೆ.

ಆ ಪೆಂಡಾವನ್ನು ಅವರೂ ಹಂಚಿದವರೇ. ನಲವತ್ತಮೂರನೇ ವಯಸ್ಸಿಗೆ ಗರ್ಭಕೋಶದಲ್ಲಿ ಕ್ಯಾನ್ಸರ್, ಐವತ್ತಕ್ಕೆ ಕರುಳಿನಲ್ಲಿ ಇನ್ನೊಂದು. ಹಳೆಯದು ಹರಡಿದ್ದಲ್ಲ, ಹೊಸದಾಗಿಯೇ ಹುಟ್ಟಿದ್ದು. ಎಲ್ಲರಿಗೂ ಹೀಗಾಗುವುದಿಲ್ಲ, ರಕ್ತಸಂಬಂಧಿಗಳಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ ಮಾತ್ರ ಅಪಾಯ ಬಹಳ ಹೆಚ್ಚು ಎಂದು ವೈದ್ಯರು ವಿವರಿಸಿದಾಗ, ಅದೇ ಕಾಯಿಲೆಯಲ್ಲಿ ತೀರಿಕೊಂಡ ತಾಯಿ ನೆನಪಾದರು. ಅಂದಿನಿಂದ ತುಂಗಾ ಯಾರ ಮುಲಾಜಿಗೂ ಬಿದ್ದಿಲ್ಲ. “ಮನೆಮನೆ ತಿರುಗೋದು ನಿನ್ನ ಕೆಲಸ ಅಲ್ಲ ಅಂತ ಆಫೀಸ್ನೋರು ನೋಟಿಸ್ ಕೊಟ್ರು. ಹಂಗಾದ್ರೆ ಯಾರ ಕೆಲಸ, ಹೆಸರು ಬರ್ಕೊಡ್ರಿ ಅಂದೆ. ಇನ್ನೂ ಬರ್ಕೊಟ್ಟಿಲ್ಲ.”

ಬಾಗಿಲು ತೆರೆಯುತ್ತದೆ. ಬ್ಯಾಂಕ್ ಅಧಿಕಾರಿಯ ಪತ್ನಿ, ಮೈಸೂರಿನ ನಳಿನಿ ದನಿ ತಗ್ಗಿಸುತ್ತಾರೆ. “ದಯವಿಟ್ಟು ಹೋಗಿ. ಮಗಳನ್ನ ನೋಡೋಕೆ ಬರ್ತಿದಾರೆ, ಆ ಕಾಯಿಲೆ ಮಾತು ಈಗ ಬೇಡ. ನಂಗೇನೂ ಆಗಿಲ್ಲ. ಮೋಷನ್‌ನಲ್ಲಿ ಸ್ವಲ್ಪ ರಕ್ತ ಹೋಗುತ್ತೆ, ಮೂಲವ್ಯಾಧಿ ಅಷ್ಟೇ.”

“ಎಷ್ಟು ದಿನದಿಂದ?”

“ಮೂರು ತಿಂಗಳಾಯ್ತು.”

“ನಿಮ್ಮಣ್ಣ ಕರುಳಿನ ಕ್ಯಾನ್ಸರ್‌ನಾಗೆ ಹೋದ್ರು ಅಂತ ಈ ಫೈಲ್ನಾಗೇ ಐತಲ್ಲಮ್ಮಾ! ಮಗಳ ಮದ್ವೆಗೆ ನೀವಿರಬೇಕೋ, ನಿಮ್ಮ ಫೋಟೊ ಇರಬೇಕೋ?”

ನಳಿನಿ ಅಳುತ್ತಾರೆ. ತುಂಗಾ ಚಪ್ಪಲಿ ಕಳಚಿ ಒಳಗೆ ಹೋಗಿ ಕೂರುತ್ತಾರೆ. ಪರೀಕ್ಷೆಯ ದಿನ ನಿಗದಿಯಾಗುವವರೆಗೆ ಏಳುವುದಿಲ್ಲ.

ಪರೀಕ್ಷೆಯ ದಿನ ಕರುಳಿಗೆ ಕ್ಯಾಮೆರಾ ಇಳಿಸಿ ನೋಡಿದಾಗ ಎರಡು ಗಂಟು ಸಿಗುತ್ತವೆ. ಅಲ್ಲೇ ತೆಗೆಯುತ್ತಾರೆ. ವಾರದ ಮೇಲೆ ವರದಿ ಬರುತ್ತದೆ: ಇನ್ನೂ ಕ್ಯಾನ್ಸರ್ ಆಗಿಲ್ಲ, ಹಾಗೇ ಬಿಟ್ಟಿದ್ದರೆ ಆಗಬಹುದಿತ್ತು. ವರದಿ ಹಿಡಿದ ನಳಿನಿ ನೇರ ದಾಖಲೆ ಕೋಣೆಗೆ ಬರುತ್ತಾರೆ. “ನಿಮ್ಮನ್ನ ಮನಸ್ಸಲ್ಲೇ ಎಷ್ಟು ಬೈಕೊಂಡಿದ್ದೆ ಗೊತ್ತಾ?”

ತುಂಗಾ ಆಗಲೇ ಇನ್ನೊಬ್ಬರ ವಿಳಾಸ ಹುಡುಕುತ್ತಿದ್ದಾರೆ. “ಬೈಕೊಳ್ರಮ್ಮಾ. ಎಲ್ರೂ ನನ್ನ ಬೈಕೊಂತಾನೇ ಮುದುಕ್ಯಾರಾಗ್ಲಿ. ನಂಗಷ್ಟೇ ಸಾಕು.”