ಉಡಿ ತುಂಬಿಸಿಕೊಂಡು ಹೋದ ತಂಡ

ನಮ್ಮ ಬಾಸ್ಕೆಟ್‌ಬಾಲ್ ತಂಡ ಲಂಡನ್ ಬಿಟ್ಟು ಉತ್ತರದ ಇನ್ಯಾವುದೋ ಊರಿಗೆ ಹೋಗಬಹುದಂತೆ ಎಂಬ ಸುದ್ದಿಯನ್ನು ನಾನು ಓದಿದ್ದು ಪಂದ್ಯ ನೋಡಲು ಹೊರಟಾಗಲೇ. ಟ್ಯೂಬು ರೈಲು ನಾವಿರುವ ಹೌನ್ಸ್ಲೋ ಬಿಟ್ಟು ಇನ್ನೂ ನೆಲದ ಮೇಲೇ ಓಡುತ್ತಿತ್ತು, ಫೋನಿಗೆ ಸಿಗ್ನಲ್ ಇತ್ತು. ಪಕ್ಕದಲ್ಲಿ ಅತ್ತೆ ಇಳಕಲ್ ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ತಂಡದ ಕೆಂಪು ಸ್ಕಾರ್ಫು ಹಾಕಿಕೊಂಡು ಕೂತಿದ್ದರು. ಅವರಿಗೆ ಹೇಳುವ ಧೈರ್ಯವಾಗಲಿಲ್ಲ. ಫೋನನ್ನು ಬ್ಯಾಗಿಗೆ ತುರುಕಿ ಕಿಟಕಿಯ ಕಡೆ ಮುಖ ಮಾಡಿದೆ.

ಅದು ಹೆಂಗಸರ ತಂಡ, ದೊಡ್ಡ ಹೆಸರಿನದೇನಲ್ಲ. ಪೂರ್ವ ಲಂಡನ್ನಿನ ಒಂದು ಹಾಲ್‌ನಲ್ಲಿ ಆಡುತ್ತಿತ್ತು. ಅರ್ಧ ಕುರ್ಚಿ ತುಂಬಿದರೆ ಅವತ್ತು ನಮಗೆ ಹಬ್ಬ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ವಿಜಯಪುರದಿಂದ ನಮ್ಮ ಫ್ಲಾಟಿಗೆ ಕರೆತಂದಿದ್ದೆವು. ನನ್ನ ಗಂಡನಿಗೆ ಶನಿವಾರವೂ ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ಶಿಫ್ಟು. ಅತ್ತೆ ಒಬ್ಬರೇ ಲಿಫ್ಟ್ ಹತ್ತುತ್ತಿರಲಿಲ್ಲ, ಹಾಗಾಗಿ ಹೊರಗೂ ಹೋಗುತ್ತಿರಲಿಲ್ಲ. ದಿನವಿಡೀ ಹೀಟರಿನ ಪಕ್ಕ ಕೂತು ಗೋಡೆ ನೋಡುತ್ತಿದ್ದರು. ಅದನ್ನು ನೋಡಲಾರದೆ, ಆಫೀಸಿನಲ್ಲಿ ಯಾರೋ ತಮಗೆ ಬೇಡವೆಂದು ಕೊಟ್ಟ ಟಿಕೆಟ್ ಹಿಡಿದು ಒಂದು ಶನಿವಾರ ಅವರನ್ನು ಎಳೆದುಕೊಂಡು ಹೋದೆ. ಬೇಜಾರಾದರೆ ಅರ್ಧಕ್ಕೇ ಎದ್ದು ಬರೋಣ ಎಂದಿದ್ದೆ. ಎದ್ದು ಬರಲು ಒಪ್ಪದವರು ಅವರೇ.

ಆಟದ ನಿಯಮ ಅವರ ತಲೆಗೆ ಕೊನೆಯವರೆಗೂ ಹತ್ತಲಿಲ್ಲ. ಹತ್ತಬೇಕೆಂಬ ಹಟವೂ ಅವರಿಗಿರಲಿಲ್ಲ. ತಂಡದ ನಾಯಕಿ, ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರದ ಹುಡುಗಿ, ಅವತ್ತು ಜಾರಿ ಬಿದ್ದಳು. ಅತ್ತೆ ಎದ್ದು ನಿಂತು, “ಏಳವಾ, ಏಳ ನನ ಮಗಳ” ಎಂದು ಇಡೀ ಹಾಲ್‌ಗೆ ಕೇಳುವಂತೆ ಕೂಗಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ದನಿಗೆ ಅಷ್ಟು ಬಲವಿದೆಯೆಂದು ನನಗೇ ಗೊತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಆಟಗಾರ್ತಿಯರು ಸುತ್ತ ಬಂದು ಮುಂದಿನ ಸಾಲಿನವರ ಅಂಗೈಗೆ ಅಂಗೈ ತಟ್ಟುವುದು ಅಲ್ಲಿಯ ರೂಢಿ. ನಾಯಕಿ ಅತ್ತೆಯ ಮುಂದೆ ಬಗ್ಗಿ ನಿಂತಳು. ಮುಂದೆ ನಾನು ಹೇಳಿಕೊಟ್ಟು, ಅವಳು “ಅಜ್ಜಿ” ಎಂದು ಕರೆಯುವುದನ್ನೂ ಕಲಿತಳು. ಒಂದು ವಾರ ನಾವು ಹೋಗದಿದ್ದರೆ ಮುಂದಿನ ವಾರ ಅಜ್ಜಿಗೆ ಏನಾಗಿತ್ತು ಎಂದು ಕೇಳುತ್ತಿದ್ದಳು. ಈ ಊರಿನಲ್ಲಿ ನಮ್ಮ ಅತ್ತೆಯ ದಾರಿ ಕಾಯುವ ಜಾಗ ಅದೊಂದೇ. ಅದೂ ಹೋದರೆ ಅವರು ಮತ್ತೆ ಹೀಟರಿನ ಪಕ್ಕ ಕೂರುತ್ತಾರೆ ಎಂಬುದೇ ನನ್ನ ಭಯ.

ಸುದ್ದಿ ಹಬ್ಬಿದ ಮೇಲೆ ಅಭಿಮಾನಿಗಳು ಸಭೆ ಕರೆದರು. ಮಾಲೀಕರ ಕಡೆಯವನೊಬ್ಬ ಬಂದು, ಇನ್ನೂ ಯಾವ ನಿರ್ಧಾರವೂ ಆಗಿಲ್ಲ, ಎಲ್ಲ ದಾರಿಗಳನ್ನೂ ನೋಡುತ್ತಿದ್ದೇವೆ ಎಂದ. ಈ ಮಾತನ್ನು ನಾನು ನನ್ನ ಕಂಪನಿಯಲ್ಲೂ ಕೇಳಿದ್ದೇನೆ. ನಿರ್ಧಾರ ಆಗಿಲ್ಲ ಎಂದು ಟೈ ಕಟ್ಟಿಕೊಂಡು ಬಂದು ಹೇಳಿದರೆ ಅದು ಆಗಿ ಬಹಳ ದಿನವಾಗಿರುತ್ತದೆ. ಮೈ ಉರಿದುಹೋಯಿತು. ಪ್ರತಿ ಪಂದ್ಯಕ್ಕೂ ಡೋಲು ತರುವ ಇಲ್ಲಿಯ ಮುದುಕನೊಬ್ಬ ನಮ್ಮ ಪಕ್ಕ ಕೂರುತ್ತಿದ್ದ. ಅವನ ಅಪ್ಪ ಕ್ಯಾನರಿ ವಾರ್ಫ್ ಇನ್ನೂ ಹಡಗುಕಟ್ಟೆಯಾಗಿದ್ದಾಗ ಅಲ್ಲಿ ಮೂಟೆ ಹೊತ್ತವನಂತೆ. ಆ ಕಟ್ಟೆ ಮುಚ್ಚುವ ಮೊದಲೂ ಹೀಗೇ ಹೇಳಿದ್ದರು ಎಂದಷ್ಟೇ ಹೇಳಿ ಅವನು ಟೋಪಿ ಹಾಕಿಕೊಂಡು ಎದ್ದುಹೋದ. ಇಂಗ್ಲಿಷ್ ತಿಳಿಯದ ಅತ್ತೆಗೆ ಬಸ್ ಸ್ಟಾಪಿನಲ್ಲಿ ನಾನು ಎಲ್ಲವನ್ನೂ ಹೇಳಿದೆ. ಅವರು, ಮನೆಯಲ್ಲಿ ಹೊಸ ಖಣ ಇದೆಯೇ ಎಂದು ಕೇಳಿದರು.

ಖಣ ಎಂದರೆ ಕುಪ್ಪಸದ ಬಟ್ಟೆ. ನಮ್ಮ ಕಡೆ ಮನೆಯ ಹೆಣ್ಣುಮಗಳು ಹೊರಟು ನಿಂತರೆ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಸಿನಕೊಂಬು, ಖಣ ಹಾಕಿ ಉಡಿ ತುಂಬುತ್ತಾರೆ. ಎಲ್ಲಿಗೇ ಹೋದರೂ ಹೊಟ್ಟೆ ತಣ್ಣಗಿರಲಿ, ಮತ್ತೆ ಬರಲಿ ಎಂದು ಹರಸುವುದು. ಆದರೆ ಗಂಡ ಸತ್ತವಳ ಕೈಯಿಂದ ತುಂಬಿಸುವುದಿಲ್ಲ. ಊರಿನಲ್ಲಿ ಇಂಥ ಹೊತ್ತಿಗೆ ಅತ್ತೆ ಯಾರೂ ಹೇಳುವ ಮೊದಲೇ ಒಳಕೋಣೆಗೆ ಹೋಗಿ ಕೂರುತ್ತಿದ್ದರು. ಈಗಲೂ ನನಗೆ ಅದನ್ನೇ ಹೇಳಿದರು: “ನೀ ತುಂಬವಾ. ನಾ ಬಾಜೂಕ ನಿಂತಿರ್ತೀನಿ.”

ಆ ವರ್ಷದ ಕೊನೆಯ ಪಂದ್ಯಕ್ಕೆ ಹೌನ್ಸ್ಲೋದ ನಮ್ಮ ಪೈಕಿ ಒಬ್ಬ ಹೆಂಗಸನ್ನೂ ಕರೆದಿದ್ದೆ. ಕಲಬುರಗಿಯವರು, ಪರಿಚಯದವರು. ಕುರ್ಚಿ ತುಂಬಿ ಕಂಡರೆ ಮಾಲೀಕನ ಮನಸ್ಸು ಬದಲಾದೀತು ಎಂಬ ಆಸೆಯಿಂದ ಎಲ್ಲರೂ ಸಿಕ್ಕಸಿಕ್ಕವರನ್ನು ಕರೆತಂದಿದ್ದರು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವನು ಅಕ್ಕಿಯನ್ನೂ ಕೊಬ್ಬರಿ ಬಟ್ಟಲನ್ನೂ ತಿರುಗಿಸಿ ನೋಡಿ, ತಲೆ ಕೆರೆದುಕೊಂಡು ಒಳಗೆ ಬಿಟ್ಟ. ಪಂದ್ಯ ಸೋತೆವು. ಹುಡುಗಿಯರು ಅಳುತ್ತಲೇ ಸುತ್ತು ಬಂದರು. ನಾಯಕಿಗೆ ನಾನು ಎರಡು ಮಾತಿನಲ್ಲಿ ಉಡಿಯ ವಿಷಯ ಹೇಳಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ನೇರ ಅತ್ತೆಯ ಮುಂದೆ ಮಂಡಿಯೂರಿ, ಬೆವರಿದ ಜೆರ್ಸಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಅತ್ತೆ ನನ್ನ ಮುಖ ನೋಡಿದರು. ನಾನು ಚೀಲವನ್ನು ಅವರ ಕೈಗೇ ಕೊಟ್ಟೆ. ಇವತ್ತಾದರೂ ಹಾಗೇ ಮಾಡುತ್ತೇನೆ. ಬೊಗಸೆ ತುಂಬ ಅಕ್ಕಿ ಎತ್ತಿ ಹಾಕುವಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಅವರ ಮಗನ ಮದುವೆಯಲ್ಲೂ ಕಂಡಿರಲಿಲ್ಲ.

ಸ್ವಲ್ಪ ದಿನಕ್ಕೆ ತಂಡ ಹೊರಟೇಹೋಯಿತು. ನಮಗೆ ಬಂದದ್ದು ಒಂದು ಇಮೇಲ್, ನಿಮ್ಮ ಪ್ರೀತಿಗೆ ಧನ್ಯವಾದ ಎಂದು.

ಅದೇ ವಾರ ಕಲಬುರಗಿಯ ಆ ಹೆಂಗಸು ಚಹಾಕ್ಕೆ ಬಂದರು. ಅದೂ ಇದೂ ಮಾತಾಡಿ, ಕಪ್ಪು ಕೆಳಗಿಟ್ಟು, ದನಿ ತಗ್ಗಿಸಿದರು. “ತಪ್ ತಿಳ್ಕೋಬ್ಯಾಡ್ರಿ. ಅವತ್ತ ನಿಮ್ಮ ಅತ್ತಿಯವರ ಕೈಲೆ ಉಡಿ ತುಂಬಿಸಬಾರದಿತ್ರಿ. ನೋಡ್ರಿ, ಹೋಗೇ ಬಿಟ್ರು.”

ಅಡುಗೆಮನೆಗೂ ಕೂರುವ ಕೋಣೆಗೂ ನಡುವೆ ನಮ್ಮ ಫ್ಲಾಟಿನಲ್ಲಿ ಬಾಗಿಲೇ ಇಲ್ಲ. ಅತ್ತೆ ಚಪಾತಿ ಲಟ್ಟಿಸುತ್ತಿದ್ದ ಸದ್ದು ನಿಂತಿತು. ನಾನು ಆ ಹೆಂಗಸನ್ನು ಏನೆಂದು ಬೈದೆನೋ ನೆನಪಿಲ್ಲ. ಅವರು ನಮ್ಮ ಮನೆಗೆ ಮತ್ತೆ ಬಂದಿಲ್ಲ, ನನಗೆ ಅದರ ಬೇಸರವೂ ಇಲ್ಲ.

ಆಮೇಲೆ ಅತ್ತೆಗೆ ಎಷ್ಟು ಬಗೆಯಲ್ಲಿ ತಿಳಿಹೇಳಿದೆ. ತಂಡ ಹೋದ ಊರಿನಲ್ಲಿ ಹಾಲ್ ಗೊತ್ತುಮಾಡಿದ್ದು ಚಳಿಗಾಲಕ್ಕೂ ಮುಂಚೆಯೇ, ಪೇಪರಿನಲ್ಲೇ ಬಂದಿದೆ, ನಿಮ್ಮ ಕೈಗೂ ಅದಕ್ಕೂ ಏನು ಸಂಬಂಧ ಎಂದೆ. ಗಂಡನೂ ಹೇಳಿದ. ಹೌದಪ್ಪಾ ಹೌದು ಎಂದು ಒಪ್ಪಿಕೊಳ್ಳುತ್ತಿದ್ದರು. ಎದುರು ವಾದಿಸಿದ್ದರೆ ಗೆಲ್ಲಬಹುದಿತ್ತು. ಒಪ್ಪಿಕೊಂಡವರ ಜೊತೆ ಏನು ಮಾಡುವುದು? ರೈಲಿನಲ್ಲಿ ಆ ಊರಿಗೇ ಹೋಗಿ ಪಂದ್ಯ ನೋಡಿಬರೋಣ ಎಂದೆ. ನಾನು ಬೇಡ, ನೀವು ಹೋಗಿಬನ್ನಿ ಎಂದುಬಿಟ್ಟರು. ಟಿವಿಯಲ್ಲಿ ಆಟ ಹಾಕಿದರೆ ನೆಪ ಮಾಡಿ ಎದ್ದುಹೋಗುತ್ತಿದ್ದರು.

ಶ್ರಾವಣದಲ್ಲಿ ನಾನು ತವರಿಗೆ ಹೊರಟೆ, ಎರಡು ವಾರದ ಮಟ್ಟಿಗೆ. ಹೊರಡುವ ಬೆಳಿಗ್ಗೆ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಖಣ ಇಟ್ಟು ಅತ್ತೆಯ ಮುಂದೆ ಸೆರಗು ಒಡ್ಡಿ ಕೂತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬೇಕೆಂದೇ ಹಾಗೆ ಮಾಡಿದ್ದೆ. ಅವರು ಅಕ್ಕಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು.

“ತುಂಬ್ರಿ ಅತ್ತಿ, ಟ್ಯಾಕ್ಸಿ ಬರ್ತದ” ಎಂದೆ.

“ಬ್ಯಾಡವಾ” ಎಂದು ಅವರು ಕೈ ಹಿಂದಕ್ಕೆ ತೆಗೆದುಕೊಂಡರು. “ನೀನೂ ಬರದಿದ್ರ ನಾ ಏನ್ ಮಾಡ್ಲಿ?”