ಪಿನ್ನಿನ ಡಬ್ಬಿಯ ಮೇಲಿನ ಫೋನು

ತಗಡಿನ ಡಬ್ಬಿಯೊಳಗೆ ಗುಂಡುಪಿನ್ನುಗಳು ಚರಚರ ಎಂದವು. ಸರ್ವರ್ ಬೇಗಂ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು. ಡಬ್ಬಿಯ ಮುಚ್ಚಳದ ಮೇಲಿದ್ದ ಫೋನು ಇನ್ನೊಮ್ಮೆ ನಡುಗಿ ಸುಮ್ಮನಾಯಿತು. ಯಂತ್ರ ಓಡುವಾಗ ಫೋನಿನ ಸದ್ದು ಕೇಳುವುದಿಲ್ಲವೆಂದು ಅದನ್ನು ಡಬ್ಬಿಯ ಮೇಲಿಡುವ ಉಪಾಯ ಮಗಳು ಶಬ್ರೀನಳದು. ಮಿಕ್ಕ ಮೆಸೇಜುಗಳ ಬಾಯನ್ನೆಲ್ಲ ಮುಚ್ಚಿಸಿ, ಶಾಲೆಯ ಗ್ರೂಪಿನದನ್ನು ಮಾತ್ರ ಹೀಗೆ ನಡುಗಲು ಬಿಟ್ಟಿದ್ದವಳೂ ಅವಳೇ.

“ಬಂತಾ?” ಎಂದು ಹೊಸ್ತಿಲ ಮೇಲೆ ಕೂತಿದ್ದ ಬೆಳ್ಳಮ್ಮ ಕೇಳಿದಳು.

“ಬಂತು. ನಾಳೆ ಬ್ಯಾಗಿಲ್ಲದ ಶನಿವಾರ. ತಟ್ಟೆ ಲೋಟ ಮಾತ್ರ ಕಳಿಸಿ. ಮೊಟ್ಟೆ ಬೇಡ ಅನ್ನೋರು ಮೊದಲೇ ತಿಳಿಸಿ, ಬಾಳೆಹಣ್ಣು ಕೊಡ್ತೀವಿ.”

“ನಮ್ಮವಳಿಗೆ ಎಲ್ಡೂ ಬೇಕಂತೆ. ಅಂಗಂತ ಬರುದ್‌ಬುಡು.”

“ಹಂಗೆಲ್ಲ ಬರೆಯೋಕಾಗಲ್ಲ ಕಣಮ್ಮ.”

“ಆ ಮಿಸ್ಸು ದಿನಾ ಒಂದ್ ಪುರಾಣ ಕಳುಸ್ತದೆ. ನಾವೊಂದ್ ಮಾತು ಕಳುಸುದ್ರೆ ತೆಪ್ಪಾ?” ಎನ್ನುತ್ತ ಬೆಳ್ಳಮ್ಮ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಬ್ಬಿನ ಗದ್ದೆಯ ಕಡೆ ಹೊರಟಳು.

ಮಳವಳ್ಳಿ ಪೇಟೆಯ ಅಂಚಿನ ಆ ಕೇರಿಯಲ್ಲಿ ಸರ್ವರ್ ಬೇಗಂ ಮನೆಯ ಮುಂಗೋಣೆಯೇ ಹೊಲಿಗೆಯ ಅಂಗಡಿ. ಕೇರಿ ಮುಗಿಯುವಲ್ಲಿ ಪ್ರಾಥಮಿಕ ಶಾಲೆ. ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗುವ ಹೆಂಗಸರು ಅವಳ ಬಾಗಿಲಲ್ಲಿ ನಿಂತು ಶಾಲೆಯ ಸುದ್ದಿ ಕೇಳಿಕೊಂಡು ಹೋಗುತ್ತಿದ್ದರು. ಕೆಲವರ ಫೋನು ಗಂಡನ ಜೇಬಿನಲ್ಲಿ ಹೊರಟುಹೋಗಿರುತ್ತಿತ್ತು. ಕೆಲವರಿಗೆ ಓದಲು ಬರುತ್ತಿರಲಿಲ್ಲ. ಬೆಳ್ಳಮ್ಮನದು ಗುಂಡಿ ಒತ್ತುವ ಫೋನು. ಅದರಲ್ಲಿ ಗ್ರೂಪಿನ ಮಾತೇ ಇಲ್ಲ. ಅವಳ ಮಗಳು ಮದ್ದೂರಿನ ಗಾರ್ಮೆಂಟ್ಸಿನಲ್ಲಿದ್ದುಕೊಂಡು ಭಾನುವಾರ ಬಂದುಹೋಗುತ್ತಿದ್ದರಿಂದ ಮೊಮ್ಮಗಳು ಆಶ್ರಿತಾಳ ಶಾಲೆಯ ವಿಚಾರವೆಲ್ಲ ಬೆಳ್ಳಮ್ಮನ ತಲೆಯ ಮೇಲಿತ್ತು. ಇದೇ ಊರಿನಲ್ಲಿ ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದ ಸರ್ವರ್ ಬೇಗಂ ಎಲ್ಲರಿಗೂ ಓದಿ ಹೇಳುತ್ತಿದ್ದಳು, ಉತ್ತರ ಬೇಕಾದರೆ ಅವರವರ ಫೋನಿನಲ್ಲೇ ಬರೆದು ಕೊಡುತ್ತಿದ್ದಳು.

ಶಬ್ರೀನ್ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಮೂರನೇ ತರಗತಿಯಲ್ಲಿ ಅವಳೂ ಆಶ್ರಿತಾಳೂ ಒಂದೇ ಮಣೆಯ ಮೇಲೆ ಕೂರುತ್ತಿದ್ದರು.

ಅದಾದ ಮೇಲೂ ಶಾಲೆಯ ಸುದ್ದಿ ಬರುತ್ತಲೇ ಇತ್ತು. ಹಾಲಿನ ಪುಡಿ ಬಂದಿದೆ. ಪೋಷಕರ ಸಭೆ ಮುಂದಕ್ಕೆ ಹೋಗಿದೆ. ಮಕ್ಕಳ ಉಗುರು ಕತ್ತರಿಸಿ ಕಳಿಸಿ. ಸರ್ವರ್ ಬೇಗಂ ಎಲ್ಲವನ್ನೂ ಮೊದಲಿನ ದನಿಯಲ್ಲೇ ಓದುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತರೆ ಒಳ್ಳೆಯದೆಂದು ನೆಂಟರು ಹೇಳಿದ್ದರು. ಅವಳಿಗೆ ಅದು ಬೇರೆ ಯಾರಿಗೋ ಹೇಳಿದ ಔಷಧಿಯ ಹಾಗೆ ಕೇಳಿಸಿತ್ತು. ಕುಡಿಯುವ ಟೀ ಬಿಸಿಯಿದೆಯೋ ಆರಿದೆಯೋ ಗೊತ್ತಾಗುತ್ತಿರಲಿಲ್ಲ. ಸೂಜಿ ಬೆರಳಿಗೆ ಚುಚ್ಚಿದ್ದು, ಬಟ್ಟೆಗೆ ಕೆಂಪು ತಾಗಿದ ಮೇಲೆ ಗೊತ್ತಾಗುತ್ತಿತ್ತು. ಪಿನ್ನುಗಳು ಚರಚರ ಎಂದಾಗ ಮಾತ್ರ ಅವಳ ಪಾದ ತಾನಾಗಿ ನಿಲ್ಲುತ್ತಿತ್ತು. ದಿನದಲ್ಲಿ ಅವಳನ್ನು ಹೆಸರು ಹಿಡಿದು ಕರೆದಂತಿದ್ದದ್ದು ಅದೊಂದೇ.

ಹೆಸರು ಹಿಡಿದು ಕರೆಯುವುದನ್ನು ಜನ ಬಿಟ್ಟಿದ್ದರು. ಮೊದಲು ಕೇರಿಗೆಲ್ಲ ಅವಳು ಶಬ್ರೀನ್ ಅಮ್ಮ. ಈಗ ಕರೆಯಲು ಬಾಯಿ ತೆರೆದವರು ಅರ್ಧದಲ್ಲಿ ನುಂಗಿಕೊಂಡು ಟೈಲರಮ್ಮ ಎನ್ನುತ್ತಿದ್ದರು.

ಸಂಕ್ರಾಂತಿಗೆ ಮುಂಚಿನ ವಾರ ಪ್ರವಾಸದ ಸುದ್ದಿ ಬಂತು. ಹಬ್ಬದ ಮಾರನೆಯ ದಿನ ಮಕ್ಕಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗುತ್ತೇವೆ. ಬಸ್ಸು ಬೆಳಿಗ್ಗೆ ಎಂಟಕ್ಕೆ. ಕಳಿಸುವವರು ಮಗುವಿನ ಹೆಸರು, ತರಗತಿ ಬರೆದು ತಿಳಿಸಬೇಕು.

ಅಂದು ಅಂಗಡಿಯ ಬಾಗಿಲಲ್ಲಿ ಫೋನುಗಳ ಸಾಲೇ ಆಯಿತು. ಸರ್ವರ್ ಬೇಗಂ ಒಂದೊಂದನ್ನೇ ತೆಗೆದುಕೊಂಡು ಬರೆದಳು. ಅಭಿನವ್, ಮೂರನೇ ತರಗತಿ, ಕಳಿಸುತ್ತೇವೆ. ಶ್ರೀಕರ, ಎರಡನೇ ತರಗತಿ, ಕಳಿಸುತ್ತೇವೆ. ಹೆಂಗಸರು ಹೊಳೆಯ ಹತ್ತಿರ ಮಕ್ಕಳನ್ನು ಬಿಡುತ್ತಾರೋ ಇಲ್ಲವೋ ಎಂದು ವಾದ ಮಾಡುತ್ತಿದ್ದರು. ಬೆಳ್ಳಮ್ಮನ ಪರವಾಗಿ ತನ್ನ ಫೋನಿನಿಂದಲೇ ಬರೆದಳು: ಆಶ್ರಿತಾ, ಮೂರನೇ ತರಗತಿ, ಕಳಿಸುತ್ತೇವೆ. ಬೆರಳು ನಿಲ್ಲಲಿಲ್ಲ. ಅದರ ಕೆಳಗೆ ಶಬ್ರೀನ್, ಮೂರನೇ ತರಗತಿ, ಕಳಿಸುತ್ತೇವೆ ಎಂದು ಬರೆದು ಒತ್ತಿಬಿಟ್ಟಿತು.

ಎಲ್ಲರ ಫೋನಿನಲ್ಲೂ ಅದು ಬಂದು ಕೂತಿತು. ಓದಬಲ್ಲ ಒಬ್ಬಿಬ್ಬರು ಓದಿಕೊಂಡು ಮಾತು ನಿಲ್ಲಿಸಿದರು. ಮಿಕ್ಕವರು ಅವರ ಮುಖ ನೋಡಿ ನಿಲ್ಲಿಸಿದರು. ಒಬ್ಬೊಬ್ಬರಾಗಿ ಫೋನು ತೆಗೆದುಕೊಂಡು ಹೊರಟರು. ಸರ್ವರ್ ಬೇಗಂಗೆ ಅದನ್ನು ಅಳಿಸಬಹುದೆಂದು ಗೊತ್ತಿತ್ತು. ಅಳಿಸಲಿಲ್ಲ. ಅರ್ಧ ಹೊಲಿದ ಲಂಗದ ಅಂಚನ್ನು ಮಡಚಿ ಪಿನ್ನು ಚುಚ್ಚಿದಳು.

ಗ್ರೂಪು ನೋಡಿಕೊಳ್ಳುತ್ತಿದ್ದವಳು ರಂಜನಿ ಮಿಸ್. ಅವಳು ಆ ಸಾಲನ್ನು ಮುಖ್ಯಶಿಕ್ಷಕ ಸಂಪತ್ ಕುಮಾರ ಅವರಿಗೆ ತೋರಿಸಿದಳು. ಅವರು ಕನ್ನಡಕ ತೆಗೆದು ಒರೆಸುತ್ತ, “ಪಾಪ, ಆಯಮ್ಮನಿಗೆ ಇದನ್ನೆಲ್ಲ ದಿನಾ ಕಳಿಸಿ ನಾವೇ ಗಾಯ ಕೆರೀತಿದ್ದೀವಿ. ಗ್ರೂಪಿಂದ ತೆಗೆದುಬಿಡಿ,” ಎಂದರು. ರಂಜನಿಗೂ ಅದೇ ಸರಿ ಎನ್ನಿಸಿತು.

ರಾತ್ರಿ ಊಟಕ್ಕೆ ಕೂತಾಗ ಸರ್ವರ್ ಬೇಗಂ ಗಂಡನಿಗೆ ಫೋನು ತೋರಿಸಿದಳು. ನಯಾಜ್ ಪಾಷಾ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಕೆಲಸದವನು. ಬೆರಳ ತುದಿಗಳಲ್ಲಿ ಇನ್ನೂ ವಾರ್ನಿಷಿನ ವಾಸನೆ. ನಿಮ್ಮನ್ನು ತೆಗೆಯಲಾಗಿದೆ ಎಂಬ ಸಾಲನ್ನು ಅವನು ಬಹಳ ಹೊತ್ತು ನೋಡಿದ.

“ಹೋಗಲಿ ಬಿಡು. ಅವರಿಗೂ ಏನು ಮಾಡಬೇಕೋ ಗೊತ್ತಾಗಿಲ್ಲ.”

“ಹ್ಞೂಂ,” ಎಂದಳು.

ಮರುದಿನವೂ ಫೋನನ್ನು ಡಬ್ಬಿಯ ಮೇಲೆಯೇ ಇಟ್ಟಳು. ಪಿನ್ನುಗಳು ಅಲುಗಲಿಲ್ಲ. ಯಂತ್ರ ನಿಲ್ಲಿಸಲು ಕಾರಣವಿಲ್ಲದೆ ಹೊಲಿಯುತ್ತ ಹೋದಳು. ಒಂದು ರವಿಕೆಯ ತೋಳು ತಲೆಕೆಳಗಾಗಿ ಕೂತಿತು, ಬಿಚ್ಚಿ ಮತ್ತೆ ಕೂರಿಸಿದಳು. ಬೆಳ್ಳಮ್ಮ ಬಂದು ಏನಾದರೂ ಬಂತೇ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದಳು. ನಿಜವೇ, ಏನೂ ಬಂದಿರಲಿಲ್ಲ. ಯಾಕೆ ಬರುತ್ತಿಲ್ಲವೆಂದು ಹೇಳಬೇಕಿತ್ತು. ಹೇಳಲು ಆ ಮಾತನ್ನು ಎಲ್ಲಿಂದಲೋ ಎತ್ತಿಕೊಂಡು ಬರಬೇಕಿತ್ತು. ಅಷ್ಟು ದೂರ ಹೋಗಲು ಅವಳಿಂದ ಆಗಲಿಲ್ಲ.

ಹಬ್ಬದ ಸಂಜೆ ಆಶ್ರಿತಾ ಎಳ್ಳು ಬೀರಲು ಬಂದಳು. ಹಿಂದೆಯೇ ಬಂದ ಬೆಳ್ಳಮ್ಮ, “ಬಸ್ಸು ಎಂಟಕ್ಕೇ ತಾನೇ?” ಎಂದಳು.

“ಎಂಟಕ್ಕೇ.”

ಬೆಳಿಗ್ಗೆ ಎಂಟು ದಾಟಿದ ಮೇಲೆ ಇಬ್ಬರೂ ವಾಪಸು ಬಂದರು. ಆಶ್ರಿತಾಳ ಮೈಮೇಲೆ ಸರ್ವರ್ ಬೇಗಂ ಹೊಲಿದ ಹೊಸ ಫ್ರಾಕು, ಕೈಯಲ್ಲಿ ಬುತ್ತಿ.

“ಓಗ್ಬುಟ್ಟದೆ ಕಣಮ್ಮ ಬಸ್ಸು. ಗೇಟತ್ರ ನಾಯಿನೂ ಇಲ್ಲ. ಆರಕ್ಕೇ ಓಯ್ತು ಅಂತವ್ರೆ. ರಾತ್ರಿನೇ ಮೆಸೇಜು ಬಂದಿತ್ತಂತೆ, ಮಿಕ್ದೋರ್ಗೆ ಮನೆ ಗಂಡುಸ್ರು ಓದ್ ಏಳವ್ರೆ. ನೀ ಎಂಟು ಅಂದ್ಯಲ್ಲ?”

“ನನಗೆ ಬರಲಿಲ್ಲ. ಗ್ರೂಪಿಂದ ನನ್ನ ನಂಬರು ತೆಗೆದವ್ರೆ.”

“ಯಾವತ್ತು?”

“ಹೆಸರು ಬರೆದ ದಿನ.”

ಬೆಳ್ಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ದಿನಾ ಬಂದು ಕೇಳ್ತಿದ್ನಲ್ಲ. ಒಂದ್ ಮಾತು ಏಳಕ್ಕೇನಾಗಿತ್ತು?”

ಸರ್ವರ್ ಬೇಗಂ ಆಶ್ರಿತಾಳ ಕೈಯಿಂದ ಬುತ್ತಿ ತೆಗೆದುಕೊಂಡಳು.

“ನಿನ್ನ ಬೈಯೋ ಅಂಗೂ ಇಲ್ಲ, ಬುಡೋ ಅಂಗೂ ಇಲ್ಲ,” ಎಂದಳು ಬೆಳ್ಳಮ್ಮ. ಮೊಮ್ಮಗಳನ್ನು ಹೊಸ್ತಿಲಿನೊಳಕ್ಕೆ ತಳ್ಳಿದಳು. “ಇಲ್ಲೇ ಇರ್ಲಿ. ಗದ್ದೇಲಿ ಕೂಲಿಯೋರು ಕಾಯ್ತಾವ್ರೆ.”

ಸರ್ವರ್ ಬೇಗಂ ಆಶ್ರಿತಾಗೆ ಗುಂಡಿಗಳ ಡಬ್ಬ ಕೊಟ್ಟು ಬಣ್ಣ ಬೇರೆ ಮಾಡಲು ಹೇಳಿದಳು. ಹುಡುಗಿ ಸ್ವಲ್ಪ ಹೊತ್ತು ಮೂಗು ಸೇದಿಕೊಂಡು, ಆಮೇಲೆ ಕೆಲಸದಲ್ಲಿ ಮುಳುಗಿದಳು. ಬಿಳಿ ಒಂದು ಕಡೆ, ನೀಲಿ ಒಂದು ಕಡೆ. ಹೆಸರಿಲ್ಲದ ಬಣ್ಣದವನ್ನು ಮಡಿಲಿಗೆ ಹಾಕಿಕೊಂಡಳು. ಮಧ್ಯಾಹ್ನ ಬುತ್ತಿ ಬಿಚ್ಚಿ ಇಬ್ಬರೂ ಚಿತ್ರಾನ್ನ ತಿಂದರು.

“ಕೊಕ್ಕರೆ ಸಾಯಂಕಾಲದಗಂಟ ಇರ್ತಾವಾ?”

“ಇರ್ತಾವೆ. ಅವು ಅಲ್ಲೇ ಗೂಡು ಕಟ್ಟಿಕೊಂಡವೆ.”

“ಶಬ್ರೀನ್ ಇದ್ದಿದ್ರೆ ಕಿರುಚಿ ಬಸ್ಸು ನಿಲ್ಲಿಸ್ತಿದ್ಳು.”

“ಹೌದು, ಕಿರುಚುತ್ತಿದ್ದಳು,” ಎಂದಳು ಸರ್ವರ್ ಬೇಗಂ. ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಪಕ್ಕಕ್ಕೆ ಜಾರಿತು. ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಮತ್ತೆ ಪೋಣಿಸಿದಳು.

ಸಂಜೆ ಕೇರಿಯಲ್ಲಿ ಮಕ್ಕಳ ಗದ್ದಲ ಕೇಳಿದ್ದೇ ಆಶ್ರಿತಾ ಎದ್ದು ಮನೆಗೆ ಓಡಿದಳು. ಅವರು ಕಂಡದ್ದನ್ನು ಕೇಳಲು ಅವಳಿಗೆ ಇಷ್ಟವಿರಲಿಲ್ಲ. ರಂಜನಿ ಮಿಸ್ ಶಾಲೆಗೂ ಹೋಗದೆ ನೇರ ಅಂಗಡಿಗೆ ಬಂದಳು. ಬಿಸಿಲಿಗೆ ಮುಖ ಕಂದಿತ್ತು.

“ಆಶ್ರಿತಾ ಇಲ್ಲೇ ಇದ್ಳಾ?”

“ಈಗ ಹೋದಳು.”

ರಂಜನಿ ಸ್ಟೂಲಿನ ಮೇಲೆ ಕೂತಳು. “ಡ್ರೈವರ್‌ಗೆ ಇವತ್ತು ಸಂಜೆ ಬೇರೆ ಬಾಡಿಗೆ ಇತ್ತಂತೆ, ಅದಕ್ಕೇ ಆರಕ್ಕೇ ಹೊರಡಬೇಕು ಅಂದ. ರಾತ್ರಿ ಗ್ರೂಪಲ್ಲಿ ಹಾಕಿದೆ. ಬೆಳ್ಳಮ್ಮನ ಫೋನ್ ಸ್ವಿಚ್ ಆಫ್. ಟೈಲರಮ್ಮ ಹೇಳ್ತಾರೆ ಬಿಡು ಅಂದ್ಕೊಂಡು ಮಲಗಿದೆ. ಬೆಳಿಗ್ಗೆ ಅವಳು ಬರದಿದ್ದಾಗ ಅಜ್ಜಿ ಬೇಡ ಅಂದಿರಬೇಕು ಅಂದ್ಕೊಂಡೆ. ಮದ್ದೂರು ದಾಟಿದ ಮೇಲೆ ನೆನಪಾಯ್ತು, ನಿಮ್ಮನ್ನ ನಾನೇ ತೆಗೆದಿದ್ದು ಅಂತ.”

ಸರ್ವರ್ ಬೇಗಂ ಕತ್ತರಿಯನ್ನು ಮುಚ್ಚಿಟ್ಟಳು.

“ನಿಮಗೆ ನೋವಾಗಬಾರ್ದು ಅಂತ ತೆಗೆದಿದ್ದು.”

“ನೋವು ಆಗ್ತಿರಲಿಲ್ಲ ಮಿಸ್,” ಎಂದಳು. “ಏನೂ ಆಗ್ತಾ ಇಲ್ಲ ನನಗೆ. ಇದು ನಡುಗಿದರೆ ಕಾಲು ನಿಲ್ಲುತ್ತೆ, ಅಷ್ಟೇ. ಅದೊಂದಾದರೂ ಇರಲಿ ಅಂತಿದ್ದೆ.”

ರಂಜನಿ ಪಿನ್ನಿನ ಡಬ್ಬಿಯನ್ನೂ ಅದರ ಮೇಲಿನ ಫೋನನ್ನೂ ನೋಡಿದಳು. ಚೀಲದಿಂದ ತನ್ನ ಫೋನು ತೆಗೆದಳು.

“ಈಗಲೇ ಸೇರಿಸ್ತೀನಿ. ನಂಬರೂ ಅಳಿಸಿಬಿಟ್ಟಿದ್ದೆ. ಏನಂತ ಹಾಕ್ಕೊಳ್ಳಲಿ, ಟೈಲರ್ ಸರ್ವರಮ್ಮ ಅಂತಲಾ?”

“ಮೊದಲು ಏನಂತಿತ್ತು?”

ರಂಜನಿ ತಡೆದು ಹೇಳಿದಳು. “ಶಬ್ರೀನ್ ಅಮ್ಮ.”

“ಹಂಗೇ ಇರಲಿ.”

ಸರ್ವರ್ ಬೇಗಂ ನಂಬರು ಹೇಳಿದಳು, ರಂಜನಿ ಒತ್ತಿದಳು. “ಬೆಳಿಗ್ಗೆ ಬಸ್ಸಿಂದಲೇ ಒಂದು ಸುದ್ದಿ ಹಾಕಿದ್ದೆ. ಹಳೇದು ನಿಮಗೆ ಕಾಣಲ್ಲ, ಮತ್ತೆ ಹಾಕ್ತೀನಿ.”

ಪಿನ್ನುಗಳು ಚರಚರ ಎಂದವು. ನಾಳೆ ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡುತ್ತೇವೆ. ಬರಿಹೊಟ್ಟೆಯಲ್ಲಿ ಕಳಿಸಬೇಡಿ, ತಿಂಡಿ ತಿನ್ನಿಸಿಯೇ ಕಳಿಸಿ. ಸರ್ವರ್ ಬೇಗಂ ಅದನ್ನು ತುಟಿಯಲ್ಲೇ ಓದಿಕೊಂಡು ಕೊರಳಿನ ಟೇಪನ್ನು ಯಂತ್ರದ ಮೇಲಿಟ್ಟಳು.

“ನನಗೆ ಆ ಸಾಲು ಓದಿದ ದಿನದಿಂದ ಸರಿಯಾಗಿ ನಿದ್ದೆಯಿಲ್ಲ,” ಎನ್ನುತ್ತಿದ್ದಳು ರಂಜನಿ, ತಲೆ ಬಗ್ಗಿಸಿಕೊಂಡು. “ಹಾಜರಿ ಕರೆಯುವಾಗ್ಲೂ ಆ ಹೆಸರು ಬಾಯಿಗೆ ಬರುತ್ತೆ. ನಿಮಗೂ ಹಂಗೇ ಆಗಿರುತ್ತೆ ಅಂತ ನಾನೇ—”

ಸರ್ವರ್ ಬೇಗಂ ಫೋನು ಕೈಯಲ್ಲಿ ಹಿಡಿದು ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಿದ್ದಳು. ಬೆಳ್ಳಮ್ಮನ ಮನೆ ಎದುರು ಸಾಲಿನಲ್ಲಿತ್ತು.